ಎಂಟು ನಿಮಿಷದ ನದಿಯಲ್ಲಿ ಮುನಿಯುವ ಎಂಜಿನ್ ಮಹಾಶಯರಿಗೆ

ಅಂಚೆ ಹೊರುವ ನನ್ನ ಹಸಿರು ಟ್ರಕ್ಕಿನ ಬಾನೆಟ್ಟಿನಡಿ ಇಪ್ಪತ್ತಾರು ವರ್ಷಗಳಿಂದ ವಾಸವಾಗಿರುವ ಮಾನ್ಯ ಎಂಜಿನ್ ಮಹಾಶಯರಿಗೆ, ಸೇಂಟ್ ಜಾನ್ ನದಿಯ ಪೂರ್ವ ದಡದ ಅರ್ಡಿತ್ ಕ್ರಾಂಡಲ್ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಮೆಕ್ಯಾನಿಕ್ ಹೇಳುತ್ತಾನೆ. ನಾನು ಕ್ಷೇಮವಿಲ್ಲ; ಕಾರಣ ತಾವು.

ಮಾನ್ಯರೇ, ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಸುತ್ತಿ ಬಳಸಿ ಬರೆಯಲು ಬಾರದು. ಜನವರಿಯ ಹಿಮದಲ್ಲೂ ಒಂದೇ ಸಲಕ್ಕೆ ಏಳುವ ತಾವು, ಈ ಜುಲೈ ಸೆಕೆಯಲ್ಲಿ ಕಾರು, ಟ್ರಕ್ಕುಗಳನ್ನು ಹೊತ್ತು ನದಿ ದಾಟಿಸುವ ಲಾಂಚಿಗೆ ಇಳಿಯುವ ಇಳಿಜಾರು ಬಂತೆಂದರೆ ಎರಡು ಸಲ ಕೆಮ್ಮಿ ತಾವಾಗಿಯೇ ನಿಂತುಬಿಡುತ್ತೀರಿ, ಟ್ರಕ್ಕು ಉರುಳಿಕೊಂಡೇ ಲಾಂಚ್ ಸೇರುತ್ತದೆ. ಲಾಂಚಿನ ಮೇಲೆ ಎಂಜಿನ್ ಆರಿಸಬೇಕೆಂಬುದು ನಿಯಮವೇ ಆದ್ದರಿಂದ, ನಾನು ಕೀ ಮುಟ್ಟುವ ಮೊದಲೇ ಅದನ್ನು ಪಾಲಿಸುವ ತಮ್ಮ ಶ್ರದ್ಧೆ ದೊಡ್ಡದು. ಆದರೆ ನದಿ ದಾಟಲು ಬೇಕಾಗುವುದು ಎಂಟು ನಿಮಿಷ, ಅಷ್ಟರಲ್ಲಿ ತಮ್ಮ ಮೈಕಾವಿಗೆ ಪೈಪಿನೊಳಗಿನ ಪೆಟ್ರೋಲು ಕುದಿದು ಆವಿಯಾಗುತ್ತದಂತೆ. ಎರಡು ನಿಮಿಷ ನಿಲ್ಲಿಸಿದರೆ ಏಳುತ್ತೀರಿ, ಅರ್ಧ ಗಂಟೆ ನಿಲ್ಲಿಸಿದರೂ ಏಳುತ್ತೀರಿ, ಎಂಟಕ್ಕೆ ಮಾತ್ರ ಇಲ್ಲ. ಆದಕಾರಣ ಈ ನದಿಯನ್ನು ಒಂದೋ ಕಾಲುವೆಯಷ್ಟು ಕಿರಿದು ಮಾಡಿಸಬೇಕು, ಇಲ್ಲವೇ ಆಚೆ ದಡವನ್ನು ಎರಡು ಮೈಲಿ ಹಿಂದಕ್ಕೆ ಸರಿಸಬೇಕು ಎಂದು ತಾವೇ ಸರ್ಕಾರಕ್ಕೆ ಬರೆದುಕೊಳ್ಳಬೇಕಾಗಿ ವಿನಂತಿ.

ನಾನು ಪ್ರಯತ್ನಿಸಲಿಲ್ಲವೆಂದು ತಾವು ಹೇಳುವಂತಿಲ್ಲ. ನಮ್ಮ ಕಡೆಯ ಮುದುಕರೆಲ್ಲ ಹೇಳುವ ಮದ್ದೆಂದು, ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳನ್ನು ತಮ್ಮ ಪೆಟ್ರೋಲ್ ಪೈಪಿಗೆ ಸಾಲಾಗಿ ಹದಿನಾಲ್ಕು ಸಿಕ್ಕಿಸಿದೆ. ತಾವು ಮುಳ್ಳುಹಂದಿಯಂತೆ ಕಂಡಿರೇ ಹೊರತು ಏಳಲಿಲ್ಲ. ಅತ್ತ ನನ್ನ ದುಪ್ಪಟಿಗಳು ಗಾಳಿಗೆ ಹಾರಿ ಪಕ್ಕದವರ ಜೋಳದ ಹೊಲ ಸೇರಿದವು. ಒದ್ದೆ ಬಟ್ಟೆ ಸುತ್ತಿದೆ, ಬೈದೆ, ಒಂದು ಭಾನುವಾರ ಪ್ರಾರ್ಥನೆಯನ್ನೂ ಮಾಡಿದೆ. ಕೊನೆಗೆ ಮೆಕ್ಯಾನಿಕ್ ಓಸ್ಬೋರ್ನ್ ತಮ್ಮನ್ನು ಬಿಟ್ಟು ನನ್ನನ್ನೇ ಪರೀಕ್ಷಿಸಿ, “ಅರ್ಡಿತಕ್ಕಾ, ರೋಗ ಎಂಜಿನ್ನಿಗಲ್ಲ, ನಿಮ್ಮ ಬಲಗಾಲಿಗೆ. ಸಿಟ್ಟು ಬಂದ ಕೂಡ್ಲೇ ಪೆಡಲ್ ತುಳೀತಾನೇ ಇರ್ತೀರಿ, ಅದು ಪೆಟ್ರೋಲು ಕುಡಿದು ಕುಡಿದು ಇನ್ನೂ ಕಟ್ಕೊಳ್ಳುತ್ತೆ. ಒಂದೇ ಸಲ ತಳಮುಟ್ಟ ಒತ್ತಿ ಹಿಡೀರಿ, ಕೀ ತಿರುಗ್ಸಿ. ಆಗ್ಲಿಲ್ವೋ, ಬಾನೆಟ್ ಎತ್ತಿ ಸುಮ್ನೆ ಕೂತ್ಕೊಳ್ಳಿ” ಎಂದ. ಸುಮ್ಮನೆ ಕೂರುವುದು ನಮ್ಮ ವಂಶದಲ್ಲಿ ಯಾರಿಗೂ ಬಂದದ್ದಲ್ಲ.

ಅಂಚೆ ಚೀಲ ಒಂಬತ್ತೂವರೆಗೆ ಪಶ್ಚಿಮ ದಡದಿಂದ ನಾಲ್ಕು ಮೈಲಿ ಒಳಗಿರುವ ಅಂಚೆ ಕಚೇರಿ ಸೇರಬೇಕು. ಮೂರು ಸಲ ತಡವಾದರೆ ನನ್ನ ಮೂವತ್ತೊಂದು ವರ್ಷದ ಕೆಲಸ ಬೇರೆಯವರ ಪಾಲು. ಎರಡು ಸಲ ತಮ್ಮ ದಯೆಯಿಂದ ಆಗಿಹೋಗಿತ್ತು. ಹೀಗಿರುವಾಗ ಕಳೆದ ಗುರುವಾರ ಒಂಬತ್ತು ಗಂಟೆಗೆ, ಆಚೆ ದಡಕ್ಕೆ ಲಾಂಚ್ ತಾಗಿದಾಗ, ಎಲ್ಲರಿಗಿಂತ ಮುಂದಿದ್ದ ತಾವು ಏಳಲಿಲ್ಲ. ಹಿಂದೆ ತಮ್ಮನ್ನು ದಾಟಿ ಹೋಗಲಾಗದ ಒಂಬತ್ತು ಕಾರುಗಳು, ಮುಂದೆ ನೀರು ತಗ್ಗಿ ಮನೆಯ ಮಾಡಿನಂತೆ ಕಡಿದಾಗಿದ್ದ ಏರು. ನಾಲ್ಕು ಜನ ತಳ್ಳಿ ಸೋತರು. ಲಾಂಚ್ ನಡೆಸುವ ವೆಂಡಲ್, “ಏನಕ್ಕಾ, ಮದುಮಗ ಇವತ್ತೂ ಏಳಲ್ಲ ಅಂತಾನಾ?” ಎಂದು ಹಲ್ಲು ಕಿರಿದ. ನಾನು ಪೆಡಲ್ ತುಳಿದೆ. ಎಷ್ಟು ಸಲ ಎಂದು ಕೇಳಬೇಡಿ, ತಮಗೆ ಗೊತ್ತಿದೆ.

ಆಗ ಮೂರನೇ ಕಾರಿನಿಂದ ಇಳಿದು ಬಂದವಳು ಅಂಚೆ ಕಚೇರಿಯ ಮರ್ಲೀನ್ ಎಸ್ಟಬ್ರೂಕ್ಸ್, ನನ್ನ ತಡವನ್ನು ಬರೆದಿಡುವ ಮಹಾತಾಯಿ, ಹಿಂದಿನ ರಾತ್ರಿ ನಮ್ಮ ದಡದಲ್ಲಿರುವ ತನ್ನ ತಂಗಿಯ ಮನೆಯಲ್ಲಿ ಉಳಿದಿದ್ದವಳು. “ಅರ್ಡಿತ್, ಇದು ಮೂರನೇದು. ಗೊತ್ತಲ್ಲ?” ಎಂದಳು.

“ಬರ್ಕೋ ಮಾರಾಯ್ತಿ. ಅದರ ಕೆಳಗೆ ನಿಂದೂ ಬರ್ಕೋ. ಒಂಬತ್ತೂವರೆಗೆ ಕೌಂಟರ್ ತೆಗೀಬೇಕಾದೋಳು ಇಲ್ಲೇ ನಿಂತಿದೀಯಲ್ಲ” ಎಂದೆ.

ಅವಳು ಗಡಿಯಾರ ನೋಡಿದಳು, ಏರು ನೋಡಿದಳು, ತಮ್ಮ ಬಾನೆಟ್ಟನ್ನೂ ನೋಡಿದಳು. ಆಮೇಲೆ, “ಹಿಂದಿನ ಬಾಗಿಲು ಇಳಿಸು” ಎಂದಳು. ಚೀಲ ತಲುಪಿದ ಸಮಯ ಒಂಬತ್ತು ಇಪ್ಪತ್ತೊಂಬತ್ತು ಎಂದು ಬರೆದುಕೊಂಡು, ಸರಿಯಾಗಿ ಒಂಬತ್ತೂವರೆಗೆ ನನ್ನ ಟ್ರಕ್ಕಿನ ಬೆನ್ನ ಮೇಲೆ ಅಂಚೆ ಕಚೇರಿ ತೆರೆದಳು. ಒಂಬತ್ತು ಕಾರಿನವರೂ ಸಾಲು ನಿಂತು ಕಾಗದ ಪಡೆದರು. “ಮನೆ ಬಾಗಿಲಿಗಲ್ಲ, ಕಾರಿನ ಬಾಗಿಲಿಗೇ ಬಂತು ನೋಡು!” ಎಂದು ಯಾರೋ ನಕ್ಕರು, ವೆಂಡಲ್‌ಗೆ ಅವನ ಹಲ್ಲಿನ ಡಾಕ್ಟರಿಂದ ಕಾಗದವಿತ್ತು, ಅವನು ಹಲ್ಲು ಕಿರಿಯುವುದು ನಿಂತಿತು. ಇಷ್ಟೆಲ್ಲ ಮುಗಿಯುವಾಗ ಒಂಬತ್ತು ಐವತ್ತು. ಆ ಇಪ್ಪತ್ತು ನಿಮಿಷ ತಮ್ಮನ್ನು ಯಾರೂ ಮುಟ್ಟಿರಲಿಲ್ಲ. ಕೀ ತಿರುಗಿಸಿದೆ, ಒಂದೇ ಸಲಕ್ಕೆ ಎದ್ದು, ಏನೂ ಆಗೇ ಇಲ್ಲವೆಂಬಂತೆ ಗುರುಗುಟ್ಟಿದಿರಿ. ನನ್ನ ಕೆಲಸ ಕಳೆಯಹೊರಟವರೂ ತಾವೇ, ಮರ್ಲೀನಳನ್ನು ನನ್ನ ಜೊತೆಗೇ ಸಿಕ್ಕಿಹಾಕಿಸಿ ಅದನ್ನು ಉಳಿಸಿದವರೂ ತಾವೇ. ತಮಗೆ ಹೊಸ ಎಣ್ಣೆ ಹಾಕಬೇಕೋ ಸುತ್ತಿಗೆ ಹುಡುಕಬೇಕೋ ನಾಲ್ಕು ದಿನದಿಂದ ತಿಳಿಯದೆ ಈ ಪತ್ರ ಬರೆದಿದ್ದೇನೆ.

ತಮ್ಮ ವಿಶ್ವಾಸಿ (ವಿಶ್ವಾಸ ನನ್ನ ಕಡೆಯಿಂದ ಮಾತ್ರ),
ಅರ್ಡಿತ್ ಕ್ರಾಂಡಲ್

ವಿ.ಸೂ.: ಮೇಲಿನ ಕಣಿವೆಯ ಹಾರ್ವೆ ತನ್ನ ಹೇಸರಗತ್ತೆಯನ್ನು ಮಾರುತ್ತಾನಂತೆ. ಅದೂ ನಡುದಾರಿಯಲ್ಲಿ ನಿಲ್ಲುತ್ತದೆ, ಆದರೆ ಬೈದರೆ ಕಿವಿಯನ್ನಾದರೂ ಅಲ್ಲಾಡಿಸುತ್ತದೆ. ನಾಳೆ ನೋಡಲು ಹೋಗುವವಳಿದ್ದೇನೆ. ತಮ್ಮಲ್ಲೇ ಕುಳಿತು ಹೋಗಬೇಕಾಗಿದೆ. ದಯವಿಟ್ಟು ದಾರಿಯಲ್ಲಿ ನಿಲ್ಲಬೇಡಿ.