ನೀರಾಗ ಮುಳುಗಿ ಸತ್ತ ಮೀನು

ಮೇಷ್ಟ್ರು ಅಂದಮ್ಯಾಲ ಹುಡುಗರ ಮುಂದ ಮರ್ಯಾದಿ ಕಳಕೊಳ್ಳೋದು ಇದ್ದದ್ದೇ. ಆದ್ರ ನನ್ನಷ್ಟು ಸಲ ಕಳಕೊಂಡೋರು ಕಂಪ್ಲಿ ಸುತ್ತಮುತ್ತ ಇನ್ನೊಬ್ರು ಇರಲಿಕ್ಕಿಲ್ಲ. ಎಪ್ಪತ್ತರ ದಶಕದಾಗ ಹೊಳಿ ದಂಡಿಯ ಒಂದು ಸಾಲಿಯಾಗ ವಿಜ್ಞಾನ ಕಲಿಸ್ತಿದ್ದೆ. ಕಾಲುವಿ ನೀರು ಬಂದು ಭತ್ತದೋರು ಮಾಳಿಗಿ ಮನಿ ಕಟ್ಟಿಸ್ತಿದ್ದ ಕಾಲ. ನನ್ನ ಕ್ಲಾಸಿನಾಗ ಮಾತ್ರ ಅರ್ಧಕ್ಕರ್ಧ ಮೀನು ಹಿಡಿಯೋರ ಮಕ್ಕಳು. ನಾನೋ, ಮೊಟ್ಟಿ ಹೆಸರೆತ್ತಿದ್ರೂ ಬೈಸಿಕೊಳ್ಳೋ ಲಿಂಗವಂತರ ಮನಿಯೋನು.

೧. ರೆಪ್ಪಿ

ಏಳನೇತ್ತಿಗೆ ಮೀನಿನ ಪಾಠ. ಬೋರ್ಡಿನ ಮ್ಯಾಲ ಚಂದಾಗಿ ಮೀನು ಬರದೆ. ಮುಂದಿನ ಸಾಲಿನಾಗ ಕುಂತಿದ್ದ ಒಬ್ಬ ಹುಡುಗಿ, ಬಲೆ ಬೀಸೋರ ಮಗಳು, ಎದ್ದು ನಿಂತು, ಮೀನಿಗೆ ರೆಪ್ಪಿ ಇರಂಗಿಲ್ಲ ಸಾರ್ ಅಂದ್ಲು. ನೋಡ್ತೀನಿ, ರೆಪ್ಪಿ ಬರದದ್ದಲ್ಲದ ಅದಕ್ಕ ಕೂದಲಾನೂ ಎಳದೀನಿ. ಸೋಲಬಾರದು ಅಂತ, ಹಂಗಾದ್ರ ಅದು ನಿದ್ದಿ ಹೆಂಗ ಮಾಡ್ತದ ಅಂತ ಕೇಳಿದೆ.

"ಕಣ್ಣು ತೆರಕೊಂಡೇ ಸಾರ್. ಮೊನ್ನಿ ಸಾಲಿ ನೋಡಾಕ ಬಂದಿದ್ದ ಇನ್ಸ್‌ಪೆಕ್ಟರ್ ಸಾಹೇಬ್ರು ಕುರ್ಚಿಯಾಗ ಮಾಡಿದ್ರಲ್ಲ, ಹಂಗ."

೨. ಹರಗೋಲು

ವಸ್ತು ಯಾಕ ತೇಲ್ತದ ಅನ್ನೋ ಪಾಠಕ್ಕ ಹುಡುಗರನ್ನ ಹೊಳಿಗೇ ಕರಕೊಂಡು ಹೋದೆ. ಆ ಹುಡುಗಿಯ ಅಪ್ಪ ತನ್ನ ಗುಂಡನ ಹರಗೋಲಿನಾಗ ನನ್ನ ಕುಂದ್ರಿಸಿಕೊಂಡ. ದಂಡಿ ಮ್ಯಾಲಿದ್ದ ಹುಡುಗರಿಗೆ ಕೇಳಲಿ ಅಂತ ನಾನು ಎದ್ದು ನಿಂತು ಭಾಷಣ ಶುರು ಮಾಡಿದೆ. ಕುಂದ್ರಿ ಸಾರ್ ಅಂತ ಅಂವ ಮೂರು ಸಲ ಹೇಳಿದ. ನಾಲ್ಕನೇ ಸಲ ಹೇಳೋ ಹೊತ್ತಿಗೆ ನಾನು ನೀರಾಗಿದ್ದೆ. ನನ್ನ ಧೋತರದ ಕಚ್ಚಿ ಹಿಡಿದು ಮ್ಯಾಲ ಎಳಕೊಂಡು, ಮುಳುಗೋ ಪಾಠನೂ ಇವತ್ತೇ ಇತ್ತೇನ್ರಿ ಸಾರ್ ಅಂತ ಭಾಳ ಮರ್ಯಾದೀಲೆ ಕೇಳಿದ.

೩. ಎರಡು ಬಕೀಟು

ಏಳನೇತ್ತ ಪಾಸಾದ್ರ ಕಂಪ್ಲಿ ಹೈಸ್ಕೂಲಿಗೆ ಹೋಗು, ಇಲ್ಲಾಂದ್ರ ಬಲೆ ಹೆಣಕೊಂತ ಕುಂದ್ರು ಅಂತ ಆ ಅಪ್ಪ ಮಗಳಿಗೆ ಖಡಕ್ಕಾಗಿ ಹೇಳಿದ್ದ. ಆಕಿಗೆ ಸಾಲಿ ಅಂದ್ರ ಜೀವ.

ಮೀನು ಕಿವಿರಿನಿಂದ ನೀರಾಗೇ ಉಸಿರಾಡ್ತದ, ಅದಕ್ಕ ಮುಳುಗೋ ಭಯ ಇಲ್ಲ ಅಂದೆ ಒಂದಿನ. ಕೊರಮೀನು ಮುಳುಗಿ ಸಾಯ್ತದ ಸಾರ್ ಅಂದ್ಲು. ನಾನು ಹೊಟ್ಟಿ ಹಿಡಕೊಂಡು ನಕ್ಕೆ.

ಮರುದಿನ ಬೆಳಿಗ್ಗೆ ಎರಡು ಬಕೀಟು ತಂದ್ಲು. ಎರಡರಾಗೂ ಒಂದೊಂದು ಕೊರಮೀನು. ಒಂದರಾಗ ಮಾತ್ರ ನೀರಿನ ಒಳಗ ಬಲೆ ಬಿಗದು, ಮೀನು ಮ್ಯಾಲ ಬಂದು ಗಾಳಿ ತಗೊಳ್ಳದಂಗ ಮಾಡಿದ್ಲು. ಸಾಲಿ ಬಿಡೋ ಹೊತ್ತಿಗೆ ಅದು ಸತ್ತಿತ್ತು. ಇನ್ನೊಂದು ಆಗಾಗ ಮ್ಯಾಲ ಬಂದು ಗಾಳಿ ಗುಟುಕರಿಸಿ ಆರಾಮ ಇತ್ತು. ಇಷ್ಟು ಚೊಕ್ಕ ಪ್ರಯೋಗ ನನಗ ಕಾಲೇಜಿನಾಗೂ ಯಾರೂ ತೋರ್ಸಿರಲಿಲ್ಲ. ಇನ್ಮ್ಯಾಲ ಪುಸ್ತಕ ಬದಿಗಿಡ್ರಿ, ಪರೀಕ್ಷಾದಾಗೂ ಕಣ್ಣಿಲೆ ಕಂಡದ್ದನ್ನೇ ಬರೀರಿ ಅಂತ ಎಲ್ಲಾರಿಗೂ ಹೇಳಿದೆ. ಯಾಕರ ಹೇಳಿದ್ನೋ ಅಂತ ಇವತ್ತಿಗೂ ಹಳಹಳಿಸ್ತೀನಿ.

ಸತ್ತ ಮೀನು ಮನಿಗೆ ಒಯ್ಯಿರಿ ಸಾರ್ ಅಂದ್ಲು. ಬ್ಯಾಡವ್ವ, ನನ್ನ ಹೆಂಡ್ತಿ ನನ್ನನ್ನೂ ಬಕೀಟಿನಾಗ ಮುಳುಗಿಸ್ತಾಳ ಅಂದೆ.

೪. ಹೊಸಪೇಟೆಯಾಗ ನಕ್ಕದ್ದು

ಏಳನೇತ್ತ ಪಬ್ಲಿಕ್ ಪರೀಕ್ಷಾದ ಪೇಪರು ತಿದ್ದಾಕ ನಮ್ಮನ್ನೆಲ್ಲಾ ಹೊಸಪೇಟಿಗೆ ಕರಸಿದ್ರು. ಪೇಪರಿನ ಮ್ಯಾಲ ಹೆಸರಿಲ್ಲ, ಬರೇ ನಂಬರು. ಪಕ್ಕದ ಬೆಂಚಿನ ಮೇಷ್ಟ್ರು ಒಮ್ಮಿಂದೊಮ್ಮೆಲೆ ಬಿದ್ದು ಬಿದ್ದು ನಗಾಕ ಹತ್ತಿದ್ರು. ಮೀನು ಹೇಗೆ ಉಸಿರಾಡುತ್ತದೆ ಅನ್ನೋ ಪ್ರಶ್ನಿಗೆ ಯಾರೋ ಬರದ ಉತ್ತರಾನ ಎದ್ದು ನಿಂತು ಓದಿದ್ರು.

"ಕೊರಮೀನನ್ನು ಮೇಲೆ ಬರಲು ಬಿಡದಿದ್ದರೆ ನೀರಿನಲ್ಲಿ ಮುಳುಗಿ ಸಾಯುತ್ತದೆ. ಎರಡು ಬಕೀಟು ಇಟ್ಟು ನೋಡಿದ್ದೇವೆ. ನಂಬಿಕೆ ಇಲ್ಲದಿದ್ದರೆ ನಮ್ಮ ಸಾರ್‌ನ್ನು ಕೇಳಿರಿ."

ಹಾಲ್‌ಗೆ ಹಾಲೇ ನಕ್ಕಿತು. ಯಾವ ಪುಣ್ಯಾತ್ಮ ಕಲಿಸ್ಯಾನ್ರಿ ಇವರಿಗೆ ಅಂತ ಯಾರೋ ಕೂಗಿದ್ರು. ನಾನೂ ನಕ್ಕೆ. ನನ್ನ ಕಡೆ ಯಾರೂ ನೋಡಬಾರದು ಅಂತ ಎಲ್ಲಾರಕ್ಕಿಂತ ಜೋರಾಗಿ ನಕ್ಕೆ. ಪಕ್ಕದ ಮೇಷ್ಟ್ರು ಸೊನ್ನಿ ಹಾಕಿ ಹಾಳಿ ತಿರುವಿದ್ರು.

ಐದು ಮಾರ್ಕಿನ ಪ್ರಶ್ನಿ ಅದು. ಹುಡುಗಿ ಮೂರು ಮಾರ್ಕಿನಾಗ ಫೇಲಾದ್ಲು. ಮುಂದಿನ ವರ್ಷ ಮತ್ತ ಪರೀಕ್ಷಾಕ್ಕ ಕಟ್ಟಿಸು ಅಂತ ಅವರಪ್ಪಗ ಹೇಳಾಕ ಮನಿತನಕ ಹೋದೆ. ಅಂವ ಆಗಂಗಿಲ್ಲ ಅಂತ ತಲಿ ಅಲ್ಲಾಡಿಸಿದ. ನನ್ನ ಮಗಳು ಅಂಥಾದ್ದೇನು ತಪ್ಪು ಬರದಿದ್ಲು ಸಾರ್ ಅಂತ ಕೇಳಿದ. ಮೂಲ್ಯಾಗ ಬಲೆ ಹೆಣಕೊಂತ ಕುಂತಿದ್ದ ಹುಡುಗಿ ನನ್ನ ಮುಖ ನೋಡಿ, ಅಪ್ಪನ್ನ ಸುಮ್ಮನಿರಿಸಿದ್ಲು.

"ಸಾರ್‌ನ್ನ ಯಾಕ ಕೇಳ್ತೀ ಅಪ್ಪಾ? ನಮ್ಮ ಸಾರ್ ಅಲ್ಲಿ ಇದ್ದಿದ್ರ ಹಂಗ ಆಗಾಕ ಬಿಡ್ತಿದ್ರೇನು?"