ಮಾವನಿಗೊಂದು ಪಾರ್ಕು

ಇಡೀ ಹೋರಾಟಕ್ಕೆ ಕಾರಣ ಒಂದು ಆರಾಮಕುರ್ಚಿ. ಇದು ಹೊರಗಿನವರಿಗೆ ಗೊತ್ತಿರಲಿಲ್ಲ. ಅವರ ಕಣ್ಣಿಗೆ ಮುದ್ರಣಾಲಯದಲ್ಲಿ ಕರಡು ತಿದ್ದುವ ನಮ್ಮ ನಾಯಕ ಜನರ ಹಕ್ಕಿಗಾಗಿ ಗಂಟಲು ಹರಿದುಕೊಳ್ಳುವ ಕೆಂಡದಂಥ ಮನುಷ್ಯ. ಬೀದಿಯವರು ಅವನಿಗಿಟ್ಟ ಹೆಸರು 'ಘೋಷಣೆ'.

ಒಳಗಿನ ಸಂಗತಿ ಬೇರೆ. ಅವನ ಎರಡು ಕೋಣೆಯ ಮನೆಯಲ್ಲಿದ್ದದ್ದು ಒಂದೇ ಆರಾಮಕುರ್ಚಿ. ಅದರ ತುಂಬ ಬೆಳಗಿನಿಂದ ರಾತ್ರಿಯವರೆಗೆ ಮಾವ. ಸುಮ್ಮನೆ ಕೂತಿದ್ದರೆ ಹೇಗೋ ಸಹಿಸಬಹುದಿತ್ತು. ಅಳಿಯ ಕರಡು ಹರವಿಕೊಂಡು ನೆಲಕ್ಕೆ ಕೂತರೆ ಸಾಕು, "ಏನು ಅಳಿಯಂದಿರೇ, ಇವತ್ತೂ ಬರೀ ಬೇರೆಯವರ ತಪ್ಪೇನಾ?" ಎಂದು ಶುರುಹಚ್ಚಿಕೊಳ್ಳುತ್ತಿದ್ದರು.

ಬೀದಿಯ ಕೊನೆಯ ಖಾಲಿ ಜಾಗದಲ್ಲಿ ಬಿಲ್ಡರೊಬ್ಬ ಸಾಲು ಮನೆ ಕಟ್ಟುತ್ತಾನೆಂದು ತಿಳಿದಾಗ ಘೋಷಣೆಯ ಕಿವಿ ನೆಟ್ಟಗಾಯಿತು. ಹಾಗೆ ಕಟ್ಟುವವರು ಒಂದು ಪಾಲು ಜಾಗ ಪಾರ್ಕಿಗೆ ಬಿಡಬೇಕು, ಇಲ್ಲವೇ ನಗರಸಭೆಗೆ ಶುಲ್ಕ ಕಟ್ಟಬೇಕು, ಯಾವುದೆಂದು ನಗರಸಭೆಯೇ ಹೇಳಬೇಕು ಎಂದಿತ್ತು ನಿಯಮ. ಅವನು ಆ ನಿಯಮವನ್ನು ತನ್ನ ಓದುಕೂಟದ ಮುಂದಿಟ್ಟ. ಕೂಟ ಮೂರು ಭಾನುವಾರ ಚರ್ಚಿಸಿತು. 'ಸಾರ್ವಜನಿಕ' ಎಂಬ ಪದ ದಾಟುವಷ್ಟರಲ್ಲಿ ಇಬ್ಬರು ಮಾತು ಬಿಟ್ಟರು, ಒಬ್ಬರು ಕೂಟವನ್ನೇ ಬಿಟ್ಟರು. ಪಾರ್ಕೇ ಬೇಕು, ದುಡ್ಡು ಬೇಡ ಎಂದು ಉಳಿದವರು ತೀರ್ಮಾನಿಸಿದರು. ಘೋಷಣೆಯ ಕನಸಿನ ಪಾರ್ಕಿನಲ್ಲಿ ಮಾತ್ರ ಮರವೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಒಂದು ಬೆಂಚು, ಅದರ ಮೇಲೆ ಮಾವ, ಅಷ್ಟೇ.

ನಗರಸಭೆ ಅಧ್ಯಕ್ಷೆ ಜಾಗ ನೋಡಲು ಬರುವ ದಿನ ಬಂತು. ಬೆಳಿಗ್ಗೆಯೇ ಎದುರು ಮನೆಯ ದರ್ಜಿಯಕ್ಕ ಘೋಷಣೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಬರೀ ಭಾಷಣ ಮಾಡಿದ್ರೆ ಯಾರು ಕೇಳ್ತಾರೆ? ದಿನಾ ಮಾಡ್ತೀರಿ, ನಾವೇ ಕೇಳಿಸ್ಕೊಳ್ಳಲ್ಲ. ಪಾರ್ಕಾದ್ರೆ ಹೇಗಿರುತ್ತೆ ಅಂತ ಕಣ್ಣಿಗೆ ಕಟ್ಟೋ ಹಾಗೆ ತೋರಿಸ್ಬೇಕು."

ಮಾತು ಬೆಂಕಿಯಂತೆ ಹಬ್ಬಿತು. ಬೀದಿಯ ಹೂಕುಂಡಗಳೆಲ್ಲ ಖಾಲಿ ಜಾಗಕ್ಕೆ ನಡೆದವು. ಬಡಗಿ ಅಲ್ಲಿದ್ದ ಒಂದೇ ಮರಕ್ಕೆ ಉಯ್ಯಾಲೆ ಕಟ್ಟಿದ. ಮರದ ಕೆಳಗಿನ ಕಲ್ಲುಗಳ ಮೇಲೆ ದಿನವೂ ಹರಟೆ ಹೊಡೆಯುವ ಮುದುಕರ ದಂಡಿಗೆ ಒಗೆದ ಅಂಗಿ ತೊಡಿಸಿದರು.

"ನಿಮ್ಮ ಮಾವನೂ ಬರ್ಲಿ, ಹಿರಿಯರು ಎದ್ದು ಕಾಣ್ಬೇಕು," ಎಂದಳು ದರ್ಜಿಯಕ್ಕ.

"ಕಲ್ಲಿನ ಮೇಲೆ ಕೂರೋಕೆ ನಾನೇನು ಹಲ್ಲಿಯಾ?" ಎಂದರು ಮಾವ. "ಕುರ್ಚಿ ಬಂದ್ರೆ ನಾನೂ ಬರ್ತೀನಿ."

ಘೋಷಣೆ ಕುರ್ಚಿಯನ್ನು ತಲೆಯ ಮೇಲೆ ಹೊತ್ತು, ಬೀದಿಯುದ್ದಕ್ಕೂ ನಾಲ್ಕು ಕಾಲು ಮೇಲೆ ಮಾಡಿದ ಆಮೆಯಂತೆ ನಡೆದ. ಹಿಂದೆ ಮಾವ ಕೈಬೀಸಿಕೊಂಡು ಬಂದರು.

ಅಧ್ಯಕ್ಷೆ ಬಿಲ್ಡರನ ಜೊತೆ ಕಾರಿನಿಂದಿಳಿದವರೇ ಬೆರಗಾದರು. "ಅಬ್ಬಾ! ಎಷ್ಟು ಚೆಂದ!"

ಘೋಷಣೆ ಕೆಮ್ಮಿ, "ಸಾರ್ವಜನಿಕ ಸ್ಥಳವೆಂದರೆ..." ಎಂದು ಆರಂಭಿಸುವಷ್ಟರಲ್ಲಿ ಅವರು ಮಾವನ ಮುಂದಿದ್ದರು.

"ಅಜ್ಜಾ, ದಿನಾ ಬರ್ತೀರಾ?"

ಪಾರ್ಕಾದರೆ ದಿನಾ ಬರುತ್ತೇನೆ ಎನ್ನಬೇಕೆಂದು ಅಳಿಯ ಹೇಳಿಕೊಟ್ಟಿದ್ದ. ಆದರೆ ಇಷ್ಟು ದೊಡ್ಡವರು ತಾವಾಗಿ ಮಾತನಾಡಿಸಿದ ಖುಷಿಯಲ್ಲಿ ಮಾವ ಅರಳಿಬಿಟ್ಟರು.

"ದಿನಾನೇ ತಾಯಿ! ಬೆಳಿಗ್ಗೆ ಬಂದ್ರೆ ಊಟಕ್ಕೇ ಏಳೋದು. ನೆರಳಿದೆ, ಗಾಳಿ ಇದೆ, ಸ್ನೇಹಿತರಿದ್ದಾರೆ. ಏನೂ ಕಮ್ಮಿ ಇಲ್ಲ."

ಅಧ್ಯಕ್ಷೆ ಬಿಲ್ಡರನತ್ತ ತಿರುಗಿದರು. "ನಿಯಮದ ಎರಡನೇ ವಾಕ್ಯ ಗೊತ್ತಲ್ಲ? ಹತ್ತಿರದಲ್ಲೇ ಪಾರ್ಕಿದ್ರೆ ಜಾಗ ಬಿಡ್ಬೇಕಾಗಿಲ್ಲ, ಶುಲ್ಕ ಸಾಕು. ಇಲ್ಲಿ ಪಾರ್ಕಿದೆ. ಶುಲ್ಕ ಕಟ್ಟಿಬಿಡಿ."

ಎರಡನೇ ವಾಕ್ಯ! ಓದುಕೂಟ ಮೊದಲನೆಯದರಿಂದ ಎದ್ದೇ ಇರಲಿಲ್ಲ.

"ಮೇಡಂ, ಇದು ಪಾರ್ಕಲ್ಲ!" ಎಂದು ಘೋಷಣೆ ಚೀರಿದ. "ಕುಂಡ ಎಲ್ಲ ನಮ್ಮ ಮನೆಯವು!"

"ಅದೇ ದೊಡ್ಡತನ ಕಣ್ರೀ. ಮನೆಯಿಂದ ತಂದಿಟ್ಟು ಸಾಕ್ತಿದ್ದೀರಿ."

"ಅಯ್ಯೋ, ಈ ಜಾಗಾನೇ ಬಿಲ್ಡರದ್ದು ಮೇಡಂ!"

ಬಿಲ್ಡರ ವಿನಯದಿಂದ ಕೈಮುಗಿದ. "ನಂದೇ ಮೇಡಂ. ಆದ್ರೂ ಶುಲ್ಕ ಕಟ್ಟೋಕೆ ನನ್ನದೇನೂ ತಕರಾರಿಲ್ಲ."

"ನೋಡಿ, ಅವರೇ ಒಪ್ಪಿದ್ರು. ಎಂಥ ದೊಡ್ಡ ಮನಸ್ಸು!" ಎಂದರು ಅಧ್ಯಕ್ಷೆ. ಆ ದುಡ್ಡಿನಲ್ಲಿ ನಗರಸಭೆಯ ಮುಂದೆ, ಕಾರು ನಿಲ್ಲಿಸುವ ಜಾಗದ ಪಕ್ಕ, ಒಂದು ಕಾರಂಜಿ ಬರುತ್ತದೆಂದೂ ತಿಳಿಸಿದರು.

ಕಾರು ಹೊರಟ ಧೂಳು ಅಡಗುವ ಮೊದಲೇ ತಗಡಿನ ಬೇಲಿ ಹೊತ್ತ ಲಾರಿ ಬಂತು. ಜನ ಕುಂಡ ಹೊತ್ತುಕೊಂಡು ಓಡಿದರು. "ಭಾಷಣಾನೇ ಮಾಡಿದ್ರೆ ಚೆನ್ನಾಗಿತ್ತೇನೋ," ಎಂದಳು ದರ್ಜಿಯಕ್ಕ, ಈ ಉಪಾಯ ಬೇರೆ ಯಾರದೋ ಎಂಬಂತೆ. ಘೋಷಣೆ ಕುರ್ಚಿಯನ್ನು ಮತ್ತೆ ತಲೆಗೇರಿಸಿ ಮನೆಗೆ ಮುಟ್ಟಿಸಿದ. ಹಾಗೇ ಮುದ್ರಣಾಲಯಕ್ಕೆ ಓಡಿ, ತಡವಾಗಿದ್ದಕ್ಕೆ ಬೈಸಿಕೊಂಡ. ಮೂರು ವಾರ ಒಂದೇ ವಾಕ್ಯವನ್ನು ಜಗಿದು, ಮುಂದಿನದನ್ನು ಓದದ ಮಹಾನ್ ಓದುಗ! ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು. ಕುರ್ಚಿ ಹೊತ್ತು ಕತ್ತು ಹಿಡಿದುಕೊಂಡಿದ್ದರಿಂದ ಕೈ ಮೇಲೇಳಲಿಲ್ಲ.

ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಚಪ್ಪಲಿಗಳ ಗುಡ್ಡೆ. ಒಳಗೆ ಕುರ್ಚಿಯಲ್ಲಿ ಮಾವ. ಮರದ ಕೆಳಗಿನ ಅಷ್ಟೂ ಮುದುಕರು ಚಾಪೆಯ ಮೇಲೆ, ಮಂಚದ ಮೇಲೆ. ಒಬ್ಬರಂತೂ ನಾಳೆಯ ಕರಡಿನ ಕಟ್ಟಿನ ಮೇಲೆಯೇ ಕೂತಿದ್ದರು.

ಹೆಂಡತಿ ಅಡುಗೆಮನೆಯಿಂದ ಇಣುಕಿದಳು. "ಬಂದ್ರಾ? ಪಾಪ ರೀ, ಅವರಿಗೆ ಕೂರೋ ಜಾಗಾನೇ ಹೋಯ್ತಂತೆ. ಅಪ್ಪನೇ ಕರ್ಕೊಂಡು ಬಂದ್ರು."

ಘೋಷಣೆ ಕಾಲಿಡಲು ಜಾಗ ಹುಡುಕಿದ. ಕರಡಿನ ಮೇಲಿದ್ದ ಹಿರಿಯರು ಅವನನ್ನು ಹತ್ತಿರ ಕರೆದು, ಕೈ ಹಿಡಿದು, ಅಕ್ಕರೆಯಿಂದ ಕೇಳಿದರು:

"ನಾಳೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಾಗಿಲು ತೆಗೀತೀರಪ್ಪಾ?"