ತೆರೆಯ ಹಿಂದಿನ ನಾಲ್ಕನೆಯವಳು

ಹಸಿರು ರೇಷ್ಮೆ ಸೀರೆಯ ಅರ್ಧ ಸೆರಗು ಇಸ್ತ್ರಿಯಾಗಿತ್ತು. ಅಷ್ಟರಲ್ಲಿ ರವಿಕಿರಣ್ ಕೂಗಿದ: "ನೇತ್ರಕ್ಕಾ, ಡಮ್ಮಿ ಕೂತ್ಕೊಳ್ಳಿ ಬನ್ನಿ!"

ನೇತ್ರಾವತಿ ಹೋಗಿ ಕೂತಳು. ತುಮಕೂರಿನ ಹಳೇ ಕೊಬ್ಬರಿ ಗೋದಾಮಿನ ಮಹಡಿಯಲ್ಲಿ ರವಿಕಿರಣ್ ನಡೆಸುವ ವಿಡಿಯೋ ಕಂಪನಿಯಲ್ಲಿ ಬಟ್ಟೆ, ಮೇಕಪ್ಪು, ಟೀ ಎಲ್ಲ ಅವಳದೇ. ಜೊತೆಗೆ ಇದೊಂದು. ಷೋಗೆ ಬರುವ ಹುಡುಗಿಯರ ಜಾಗದಲ್ಲಿ ಮೊದಲು ತಾನು ಕೂತು, ಸೆರಗಿಗೆ ಪುಟ್ಟ ಮೈಕು ಸಿಕ್ಕಿಸಿಕೊಂಡು, ಲೈಟು, ದನಿ ಸರಿಯಿದೆಯೇ ಎಂದು ನೋಡಿಸಿ ಎದ್ದುಹೋಗುವುದು. ಮೈಕಿನಲ್ಲಿ ಅವಳು ಈವರೆಗೆ ಆಡಿದ್ದು "ಒಂದು, ಎರಡು, ಮೂರು" ಅಷ್ಟೇ.

ಅಂದು ಮೂರು ಅನ್ನುವಷ್ಟರಲ್ಲಿ ಕರಕಲು ವಾಸನೆ ಬಂತು. "ಅಯ್ಯೋ, ಸೀರೆ!" ಎಂದು ಓಡಿದಳು. ಸದ್ಯ, ಅದು ಕೆಳಗಿನ ಮನೆಯ ಸರ್ವಮಂಗಳಮ್ಮನ ಒಗ್ಗರಣೆ.

ಬೆಳಿಗ್ಗೆ "ಅತ್ತೆ ಸೊಸೆಗೆ ಒಂದೇ ಫ್ರಿಜ್ ಸಾಕೇ?" ಎಂಬ ಚರ್ಚೆ ಮುಗಿದಿತ್ತು. ಆ ಗಲಾಟೆಯಲ್ಲಿ ಮುರಿದ ಕುರ್ಚಿ ಬದಲಾಯಿಸಿ, ಮಧ್ಯಾಹ್ನ ಪ್ರೀತಿಯ ಷೋ ಶುರುಮಾಡಿದರು. ತೆರೆಯ ಹಿಂದೆ ಮೂವರು ಹುಡುಗಿಯರು. ಈಚೆ, ಹೆಡ್‌ಫೋನ್ ಹಾಕಿಕೊಂಡ ಕುಣಿಗಲ್ಲಿನ ಹುಡುಗ. ಮುಖ ನೋಡದೆ, ದನಿ ಕೇಳಿ ಒಬ್ಬಳನ್ನು ಆರಿಸಬೇಕು.

"ಭಾನುವಾರ ಬೆಳಿಗ್ಗೆ ನಿಮಗೆ ನಾನೇನ್ ಮಾಡ್ಕೊಡ್ಲಿ?" ಎಂದು ಹುಡುಗ ಕೇಳಿದ.

ಒಬ್ಬಳು ಕಾಫಿ ಅಂದಳು, ಒಬ್ಬಳು ದೋಸೆ ಅಂದಳು, ಮೂರನೆಯವಳು ನಕ್ಕಳು. ಧ್ವನಿ ನೋಡಿಕೊಳ್ಳುವ ಸೈಮಾ ಹೆಡ್‌ಫೋನ್ ಕಿತ್ತು ಎದ್ದಳು. ಅವಳ ಮುಖ ನೆನೆಸಿಟ್ಟ ಅವಲಕ್ಕಿಯಂತಾಗಿತ್ತು.

"ಸರ್, ಹಿಂದೆ ಎಷ್ಟ್ ಜನ ಇದಾರೆ?"

"ಮೂರ್ ಜನ. ಯಾಕೆ?"

"ನಾಲ್ಕನೇದೊಂದು ದನಿ ಬಂತು ಸರ್. 'ಏನೂ ಮಾಡ್ಬೇಡಪ್ಪಾ, ನಾನ್ ಏಳೋವರ್ಗೂ ಸದ್ದು ಮಾಡ್ಬೇಡ, ಸಾಕು' ಅಂತು."

ಆಚೆ ಇಸ್ತ್ರಿ ಮೇಜಿನ ಬಳಿ ಸೀರೆ ಮಡಿಸುತ್ತಿದ್ದ ನೇತ್ರಾವತಿ ಥಟ್ಟನೆ ತಲೆಯೆತ್ತಿದಳು. ಅದೇ ಮಾತು ಈಗಷ್ಟೇ ಅವಳ ಮನಸ್ಸಿನಲ್ಲಿ ಬಂದಿತ್ತು. ದೆವ್ವವೇ ಇರಬೇಕು, ಆದರೆ ಅದಕ್ಕೆ ಹೇಗೆ ತಿಳಿಯಿತು?

ರವಿಕಿರಣ್ ತೆರೆ ಎತ್ತಿ ನೋಡಿದ. ಕುರ್ಚಿಯ ಕೆಳಗೂ ಬಗ್ಗಿದ. ಮೂವರೇ. ಷೂಟಿಂಗ್ ಮುಂದುವರಿಯಿತು.

"ನಿಮ್ಗೆ ಯಾವ್ದಕ್ಕೆ ಭಯ?" ಎಂದು ಹುಡುಗನ ಎರಡನೇ ಪ್ರಶ್ನೆ.

ಹಲ್ಲಿ, ಗುಡುಗು, ಮಾವನ ಮನೆಯವರು. ಆಮೇಲೆ ಸೈಮಾ ಹೇಳಿದಳು: "ಸರ್, 'ನಾನ್ ಮನೆಯೊಳಗಿಲ್ದೇ ಹೋದ್ರೂ ಯಾರ್ಗೂ ಗೊತ್ತಾಗಲ್ವಲ್ಲ, ಅದಕ್ಕೆ ಭಯ' ಅಂತಿದೆ!"

ನೇತ್ರಾವತಿಯ ಕೈಯಿಂದ ಸೀರೆ ಜಾರಿತು. ಅತ್ತ ಹುಡುಗ ಮಾತ್ರ ಹೆಡ್‌ಫೋನಿನಲ್ಲಿ ಆ ದನಿ ಕೇಳುತ್ತ ಮೈಮರೆತು ಕೂತಿದ್ದ. "ಅಣ್ಣ, ನಂಗೆ ನಾಲ್ಕನೇಯವ್ರೇ ಬೇಕು," ಅಂದ.

"ನಾಲ್ಕನೇಯವ್ರು ಇಲ್ಲ ಕಣೋ!"

"ಹಂಗಾದ್ರೆ ಈ ಮೂವರೂ ಬ್ಯಾಡ."

ಮೂವರೂ ಅಳುತ್ತ ಕೆಳಗಿಳಿದರು. ಆ ಅಳು ಕೇಳಿಯೇ ಸರ್ವಮಂಗಳಮ್ಮ ಕೈಯಲ್ಲಿ ನಿಂಬೆಹಣ್ಣು ಹಿಡಿದು ಮೇಲೆ ಬಂದರು. ಹೆಣ್ಣುದನಿ ಎಂದು ಕೇಳಿದ್ದೇ ತಲೆಯಾಡಿಸಿದರು. "ಇಲ್ಲಿ ಕೊಬ್ಬರಿ ಸುಲಿಯೋರಿಗೆ ಅಡಿಗೆ ಮಾಡೋಳು ಒಬ್ಳಿದ್ಲು ಕಣ್ರಪ್ಪ. ತಿಂದೋರು ಯಾರೂ ಅವ್ಳ ಹೆಸ್ರು ಕೇಳಿರ್ಲಿಲ್ಲ. ಅವ್ಳೇ ಇರ್ಬೇಕು. ಲೈಟ್ ಆರಿಸಿ. ಒಬ್ರು ತೆರೆ ಹಿಂದಕ್ಕೋಗಿ ನಿಂಬೆಹಣ್ಣು ಇಟ್ಟು ಯಾರು ಅಂತ ಕೇಳ್ಬೇಕು."

ಎಲ್ಲರೂ ನೇತ್ರಾವತಿಯನ್ನು ನೋಡಿದರು. ಸೈಮಾ ಎಲ್ಲರಿಗೂ ಕೇಳಲೆಂದು ದೊಡ್ಡ ಸ್ಪೀಕರ್ ಹಾಕಿದಳು.

ಕತ್ತಲಲ್ಲಿ ಖಾಲಿ ಕುರ್ಚಿಗಳು ಯಾರನ್ನೋ ಕಾಯುತ್ತಿರುವ ಹಾಗಿದ್ದವು. ನೇತ್ರಾವತಿ ನಿಂಬೆಹಣ್ಣು ಇಟ್ಟು ಪಿಸುಗುಟ್ಟಿದಳು: "ಯಾರಮ್ಮ ನೀನು?"

ಗೋದಾಮಿನ ಮೂಲೆಮೂಲೆಯಿಂದ ಯಾರೋ ಅವಳನ್ನೇ ಕೇಳಿದರು: "ಯಾರಮ್ಮ ನೀನು?"

ಹೊರಗೆ ಬಾಗಿಲು ದಡಾರೆಂದಿತು. ಸರ್ವಮಂಗಳಮ್ಮ ಎಲ್ಲರಿಗಿಂತ ಮುಂದೆ ಮೆಟ್ಟಿಲಿಳಿದರು. ನೇತ್ರಾವತಿ ಎದೆ ಹಿಡಿದುಕೊಂಡಳು. ಬೆರಳಿಗೆ ಏನೋ ತಗುಲಿತು. ಸೆರಗಿನ ಮಡಿಕೆಯಲ್ಲಿ ಮೈಕು. ಸೀರೆ ಉಳಿಸಲು ಓಡುವಾಗ ತೆಗೆದಿರಲಿಲ್ಲ. ಮನಸ್ಸಿನಲ್ಲೇ ಅಂದುಕೊಂಡದ್ದೆಂದು ಅವಳು ತಿಳಿದಿದ್ದನ್ನು ಬಾಯಿ ಮೆಲ್ಲಗೆ ಆಡಿಬಿಟ್ಟಿತ್ತು. ಯಾವಾಗಿನಿಂದ ಹೀಗೆ ಆಡುತ್ತಿತ್ತೋ!

ಕೆಳಗೆ ಹೋಗಿ ಹೇಳಿದಳು: "ದೆವ್ವ ಅಲ್ಲ. ನಾನೇ."

ರವಿಕಿರಣ್ ನಕ್ಕುಬಿಟ್ಟ. "ಸುಮ್ನಿರಿ ನೇತ್ರಕ್ಕ. ನಿಮ್ ದನಿ ನಮಗ್ ಗೊತ್ತಿಲ್ವಾ? ಅದ್ರಲ್ಲಿ ಎಷ್ಟ್ ಜೀವ ಇತ್ತು! ಹುಡ್ಗೀರು ಇಳಿದ್ಹೋದ ತಕ್ಷಣ ವಿಡಿಯೋ ಹಾಕ್ದೆ, ಆಗ್ಲೇ ಜನ ಮುಗಿಬಿದ್ದವ್ರೆ. ನಾಳೆಯಿಂದ ಅವ್ಳಿಗೆ ಒಂದ್ ಖಾಲಿ ಕುರ್ಚಿ ಹಾಕೋಣ. ನೀವು ಡಮ್ಮಿ ಕೂತು, ಲೈಟ್ ನೋಡ್ಸಿ, ಅವ್ಳಿಗೆ ಜಾಗ ಬಿಡಿ."

ಗುಬ್ಬಿಯ ಮನೆಗೆ ಬಂದಾಗ ಗಂಡ ಗಂಗರಾಜು ಮೊಬೈಲನ್ನು ಕಿವಿಗೊತ್ತಿಕೊಂಡು ಕೂತಿದ್ದ.

"ಬಾರೇ, ಕೇಳಿಲ್ಲಿ. ದೆವ್ವವಂತೆ! ಎಂಥ ದನಿ ಅಂತೀಯಾ! ಇಂಥೋಳು ಮನೇಲಿದ್ರೆ ದಿನಾ ಕೂತ್ ಕೇಳ್ಬೋದು ನೋಡು."

ನೇತ್ರಾವತಿ ಅವನ ಪಕ್ಕಕ್ಕೆ ಬಂದಳು. "ಅಷ್ಟು ಚೆನ್ನಾಗಿದೆಯಾ?" ಎಂದು ಕೇಳಿದಳು.

"ಶ್, ಮಾತಾಡ್ಬೇಡ. ಕೇಳ್ಸಲ್ಲ. ಕಾಫಿ ತಾ."

ಒಳಗೆ ಹೋಗಿ ಹಾಲಿಟ್ಟಳು. ಹೊರಗೆ ಅವಳದೇ ದನಿ, ಸದ್ದು ಮಾಡಬೇಡ ಎಂದು ಅವಳ ಗಂಡನಿಗೆ ಹೇಳುತ್ತಿತ್ತು. ಅವನು ಉಸಿರು ಬಿಗಿಹಿಡಿದು ಕೇಳುತ್ತಿದ್ದ. ಹಾಲು ಉಕ್ಕುವ ಮುನ್ನ ಅವಳು ನಿರ್ಧರಿಸಿದಳು: ನಾಳೆ ಕುರ್ಚಿಯಿಂದ ಏಳುತ್ತೇನೆ, ಆದರೆ ಮೈಕು ತೆಗೆಯುವುದಿಲ್ಲ.

ಒಲೆ ಆರಿಸಿ ಕಾಫಿ ಬೆರೆಸಿದಳು. ಯಾರಿಗೂ ಹೇಳಲಿಲ್ಲ.